ರಿಜಿಸ್ಟರ್ ಮೊದಲು, ಪರದೆ ಆಮೇಲೆ: ಸ್ವಯಂಸೇವಾ ಸಂಸ್ಥೆಗಳ ತಂತ್ರಾಂಶ ಸಲಹೆಗಾರರಿಗೆ ಸಮಗ್ರ ಮಾರ್ಗದರ್ಶಿ

ತುಮಕೂರಿನಲ್ಲಿ ಮನೆ, ಬೆಂಗಳೂರಿನಲ್ಲಿ ಕಂಪನಿ, ಕೆಲಸ ಮಾತ್ರ ಪಾವಗಡ, ಮಧುಗಿರಿ, ಬಾಗೇಪಲ್ಲಿ, ಮುಳಬಾಗಿಲಿನ ಕಡೆ. ಸ್ವಯಂಸೇವಾ ಸಂಸ್ಥೆಗಳಿಗೆಂದೇ ತಂತ್ರಾಂಶ ಒದಗಿಸುವ ಕಂಪನಿಯಲ್ಲಿ ಸಲಹೆಗಾರರ ಹುದ್ದೆ ನನ್ನದು. ಕೋಡ್ ಬರೆಯುವವರು ಬೇರೆ, ಮಾರಾಟ ಮಾಡುವವರು ಬೇರೆ. ಸಂಸ್ಥೆಯ ಕೆಲಸವನ್ನು ತಿಳಿದುಕೊಂಡು, ಅದಕ್ಕೆ ತಕ್ಕಂತೆ ತಂತ್ರಾಂಶವನ್ನು ಹೊಂದಿಸಿ, ಹಳೆಯ ಪಟ್ಟಿಗಳನ್ನು ಅದರೊಳಗೆ ಸೇರಿಸಿ, ಬಳಸುವವರಿಗೆ ಕಲಿಸಿ, ಅವರ ಕೈಗೆ ಒಪ್ಪಿಸಿ ಬರುವುದು ನಮ್ಮ ಪಾಲಿನ ಕೆಲಸ.

ಈ ಕೆಲಸಕ್ಕೆ ಬರಬೇಕೆಂದಿರುವವರಿಗೆ, ಹೊಸದಾಗಿ ಬಂದು ತಡವರಿಸುತ್ತಿರುವವರಿಗೆ ನಾನು ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ತಂತ್ರಾಂಶಕ್ಕೆ ಹಣ ಕೊಡುವವರು ನಿರ್ದೇಶಕರು ಅಥವಾ ದಾನಿಗಳು. ಆದರೆ ಅದರ ಅಳಿವು ಉಳಿವು ಹಳ್ಳಿಯಲ್ಲಿ ಮನೆಮನೆಗೆ ಹೋಗಿ ರಿಜಿಸ್ಟರ್ ತುಂಬುವ ಕಾರ್ಯಕರ್ತೆಯ ಕೈಯಲ್ಲಿದೆ. ಅವರ ರಿಜಿಸ್ಟರಿನಿಂದ ಶುರು ಮಾಡಿದ ಕೆಲಸ ಉಳಿಯುತ್ತದೆ. ದಾನಿಗೆ ಕಳಿಸುವ ವರದಿಯಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬಂದದ್ದು ಆರು ತಿಂಗಳಲ್ಲಿ ಮೂಲೆ ಸೇರುವುದನ್ನು ನಾನು ಕಂಡಿದ್ದೇನೆ. ಮುಂದೆ ಹೇಳುವ ಪ್ರತಿ ಹೆಜ್ಜೆಯೂ ಈ ಮಾತಿಗೇ ಗಂಟು ಬಿದ್ದಿದೆ.

ಸೇರುವ ಮೊದಲು ಮಾಡಿಕೊಳ್ಳಬೇಕಾದ ತಯಾರಿ

ಎಂಜಿನಿಯರಿಂಗ್ ಓದಿರಲೇಬೇಕೆಂದಿಲ್ಲ. ಬಿ.ಕಾಂ. ಮಾಡಿ ಎರಡು ವರ್ಷ ಟ್ಯಾಲಿಯಲ್ಲಿ ಲೆಕ್ಕ ಬರೆದವರು, ಸಮಾಜಕಾರ್ಯ ಓದಿ ಹಳ್ಳಿ ಸುತ್ತಿದವರು ಈ ಕೆಲಸದಲ್ಲಿ ಬಹಳ ಬೇಗ ಪಳಗುತ್ತಾರೆ. ಬೇಕಾದದ್ದು ಮೂರು: ಎಕ್ಸೆಲ್ ಮೇಲೆ ಹಿಡಿತ, ಡೇಟಾಬೇಸ್ ಎಂದರೆ ಏನೆಂಬ ತಿಳಿವಳಿಕೆ, ಎದುರಿಗಿರುವವರ ಮಾತು ಮುಗಿಯುವ ತನಕ ಕೇಳುವ ತಾಳ್ಮೆ.

ಅಭ್ಯಾಸಕ್ಕೆ ದುಡ್ಡು ಖರ್ಚು ಮಾಡಬೇಡಿ. ಕೋಬೊ ಟೂಲ್‌ಬಾಕ್ಸ್‌ನಲ್ಲಿ ಉಚಿತ ಖಾತೆ ತೆರೆದು ಒಂದು ಸಮೀಕ್ಷೆಯ ಫಾರಂ ಮಾಡಿ. ಪ್ರಶ್ನೆಗಳನ್ನು ಕನ್ನಡದಲ್ಲೂ ತೆಲುಗಿನಲ್ಲೂ ಕೊಡಿ. ಮೊಬೈಲ್‌ನ ಇಂಟರ್ನೆಟ್ ಆಫ್ ಮಾಡಿ ತುಂಬಿ ನೋಡಿ. ದಾನಿಗಳ ನಿರ್ವಹಣೆ ಅರ್ಥವಾಗಲು ಸಿವಿಸಿಆರ್‌ಎಂ ಎಂಬ ಮುಕ್ತ ತಂತ್ರಾಂಶವಿದೆ. ಅದೇ ಕೆಲಸಕ್ಕೆ ಬಳಸುವ ಸೇಲ್ಸ್‌ಫೋರ್ಸ್ ಎಂಬ ತಂತ್ರಾಂಶ ಕಲಿಯಬೇಕೆಂದರೆ ಅವರದೇ ಟ್ರೈಲ್‌ಹೆಡ್ ಪಾಠಗಳು ಉಚಿತ. ಕೆಲಸದ ಸಂದರ್ಶನಕ್ಕೆ ಹೋಗುವಾಗ ಪ್ರಮಾಣಪತ್ರಗಳ ಜೊತೆಗೆ ನಿಮ್ಮೂರಿನ ಹಾಲಿನ ಡೇರಿಯದೋ ಮಹಿಳಾ ಸಂಘದ್ದೋ ಲೆಕ್ಕವನ್ನು ಅವರ ಒಪ್ಪಿಗೆ ಪಡೆದು, ಹೆಸರುಗಳನ್ನು ಬದಲಿಸಿ, ಅಚ್ಚುಕಟ್ಟಾಗಿ ಜೋಡಿಸಿದ ಒಂದು ಮಾದರಿಯನ್ನು ತೆಗೆದುಕೊಂಡು ಹೋಗಿ. ನಾನು ಸಂದರ್ಶನ ಮಾಡುವಾಗ ಮೊದಲು ನೋಡುವುದು ಅದನ್ನೇ.

ಮೊದಲ ಭೇಟಿಗೆ ಮುಂಚೆ: ಸಂಸ್ಥೆಯ ಜಾತಕ

ಭೇಟಿಗೆ ಹೋಗುವ ಮೊದಲೇ ಸಂಸ್ಥೆ ಯಾವ ಕಾನೂನಿನಡಿ ಹುಟ್ಟಿದ್ದು ಎಂದು ತಿಳಿದುಕೊಳ್ಳಿ. ಅದು ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ 1960ರಡಿಯ ಸಂಘವೋ, ಟ್ರಸ್ಟೋ, ಕಂಪನಿ ಕಾಯಿದೆ 2013ರ 8ನೇ ಕಲಮಿನ ಲಾಭರಹಿತ ಕಂಪನಿಯೋ? ವಿದೇಶಿ ದೇಣಿಗೆ ಪಡೆಯುವ ನೋಂದಣಿ, ಅಂದರೆ ಎಫ್‌ಸಿಆರ್‌ಎ ಇದೆಯೋ? ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಹಣ ಬರುತ್ತದೆಯೋ? ವಾರ್ಷಿಕ ವರದಿ, ಲೆಕ್ಕಪರಿಶೋಧನೆಯಾದ ಜಮಾ ಖರ್ಚು, ಈಗ ನಡೆಯುತ್ತಿರುವ ಯೋಜನೆಗಳ ಪಟ್ಟಿಯನ್ನು ಕೇಳಿ ತರಿಸಿಕೊಂಡು ಓದಿ. ಒಂದು ಸಂಜೆ ಸಾಕು. ಅಷ್ಟು ಓದದೆ ಹೋಗಿ "ನಿಮ್ಮ ಸಂಸ್ಥೆ ಏನು ಮಾಡುತ್ತದೆ, ಸರ್?" ಎಂದು ಕೇಳುವುದು ಮೂವತ್ತು ವರ್ಷ ಕೆರೆ, ಕುಡಿಯುವ ನೀರು, ಮಕ್ಕಳ ಶಾಲೆ ಎಂದು ದುಡಿದವರಿಗೆ ಮಾಡುವ ಅಗೌರವ.

ಮೊದಲ ಭೇಟಿ: ಬೀರು ತೆಗೆಸಿ

ಮೊದಲ ದಿನ ಲ್ಯಾಪ್‌ಟಾಪ್ ಅನ್ನು ಚೀಲದಿಂದ ಹೊರಗೆ ತೆಗೆಯಬೇಡಿ. ನಿರ್ದೇಶಕರ ಜೊತೆ ಅರ್ಧ ಗಂಟೆ ಮಾತನಾಡಿ, ಚಹಾ ಕುಡಿದು, ಆಮೇಲೆ ರಿಜಿಸ್ಟರ್ ಇಟ್ಟುಕೊಳ್ಳುವವರ ಬಳಿ ಕೂರಲು ಅನುಮತಿ ಕೇಳಿ.

ಮಧುಗಿರಿ ಕಡೆಯ ಒಂದು ಕ್ಷೇತ್ರ ಕಚೇರಿಯಲ್ಲಿ ನನಗೆ ಪಾಠವಾದದ್ದು ಹೀಗೆ. ಮಹಿಳಾ ಸಂಘಗಳನ್ನು ನೋಡಿಕೊಳ್ಳುತ್ತಿದ್ದ ಕಾರ್ಯಕರ್ತೆ ಕಬ್ಬಿಣದ ಬೀರುವಿನಿಂದ ಹಸಿರು ರಟ್ಟಿನ ಉದ್ದನೆಯ ರಿಜಿಸ್ಟರ್ ತಂದು ಮೇಜಿನ ಮೇಲಿಟ್ಟರು. ಕ್ರಮಸಂಖ್ಯೆ, ಹೆಸರು, ಗಂಡನ ಅಥವಾ ತಂದೆಯ ಹೆಸರು, ಉಳಿತಾಯ, ಸಾಲ, ಮರುಪಾವತಿ, ಸಹಿ. ಏಳು ಕಾಲಂ. ನಾನು ಏಳನ್ನೂ ಗುರುತು ಹಾಕಿಕೊಂಡೆ, ಕೆಲಸ ಮುಗಿಯಿತು ಎಂದುಕೊಂಡೆ. ಪುಟ ತಿರುವುವಾಗ ಕೆಲವು ಹೆಸರುಗಳ ಪಕ್ಕದಲ್ಲಿ, ಅಂಚಿನಾಚೆ, ಕೆಂಪು ಪೆನ್ಸಿಲಿನ ಸಣ್ಣ ಸೊನ್ನೆಗಳು ಕಂಡವು.

"ಅಕ್ಕ, ಈ ಕೆಂಪು ಸೊನ್ನೆ ಏನು?"

"ಅವರು ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದಾರೆ. ಯುಗಾದಿಗೆ ಬಂದಾಗ ಆರು ತಿಂಗಳ ಉಳಿತಾಯ ಒಟ್ಟಿಗೆ ಕಟ್ಟುತ್ತಾರೆ. ಅವರನ್ನು ಬಾಕಿದಾರರು ಎಂದು ಬರೆಯಬಾರದು, ಅದಕ್ಕೆ ಗುರುತು."

ಆ ಗುರುತು ಯಾವ ಕಾಲಂನಲ್ಲೂ ಇರಲಿಲ್ಲ. ಏಳು ಕಾಲಂಗಳನ್ನಷ್ಟೇ ತಂತ್ರಾಂಶಕ್ಕೆ ಹಾಕಿದ್ದರೆ, ಮರುತಿಂಗಳೇ ಅದು ಆ ಹೆಂಗಸರನ್ನೆಲ್ಲ ಬಾಕಿದಾರರ ಪಟ್ಟಿಗೆ ಸೇರಿಸಿ, ಬ್ಯಾಂಕಿಗೆ ಹೋಗುವ ವರದಿಯಲ್ಲಿ ಸಂಘದ ಹೆಸರನ್ನು ಕೆಡಿಸುತ್ತಿತ್ತು. ಅಂದಿನಿಂದ ನಾನು ರಿಜಿಸ್ಟರಿನ ಅಂಚುಗಳನ್ನು ಮೊದಲು ಓದುತ್ತೇನೆ. ಅಂಚಿನ ಗುರುತು, ಮಡಚಿದ ಪುಟ, ಪಿನ್ ಹಾಕಿದ ಚೀಟಿ, ಹಿಂದಿನ ರಟ್ಟಿನ ಒಳಬದಿಯಲ್ಲಿ ಬರೆದ ಫೋನ್ ನಂಬರುಗಳು: ಸಂಸ್ಥೆಗೆ ನಿಜವಾಗಿ ಏನು ಬೇಕೆಂಬುದು ಅಲ್ಲಿರುತ್ತದೆ.

ಕೇಳಬೇಕಾದ ಪ್ರಶ್ನೆಗಳೂ ಸರಳವಾಗಿರಲಿ. ಇದನ್ನು ಯಾವಾಗ ತುಂಬುತ್ತೀರಿ, ಮನೆಯ ಮುಂದೆ ನಿಂತೋ, ಸಂಜೆ ಕಚೇರಿಗೆ ಬಂದೋ? ತುಂಬಿದ ಮೇಲೆ ಯಾರು ನೋಡುತ್ತಾರೆ? ಇದೇ ವಿಷಯವನ್ನು ಇನ್ನೆಲ್ಲಿ ಬರೆಯುತ್ತೀರಿ? ಕೊನೆಯ ಪ್ರಶ್ನೆಯ ಉತ್ತರ ಬಂಗಾರದಂಥದ್ದು. ಒಂದೇ ಮಗುವಿನ ತೂಕವನ್ನು ಮೂರು ಕಡೆ ಬರೆಯುತ್ತಿರುವ ಕಾರ್ಯಕರ್ತೆಗೆ ನೀವು ನಾಲ್ಕನೆಯದನ್ನು ತಂದುಕೊಟ್ಟರೆ ಯಾವ ತರಬೇತಿಯೂ ಫಲ ಕೊಡದು. ಮೂರರಲ್ಲಿ ಎರಡನ್ನು ತೆಗೆಸಿದರೆ ಅವರೇ ನಿಮ್ಮ ಪರವಾಗಿ ನಿಲ್ಲುತ್ತಾರೆ.

ಪಾವಗಡ, ಬಾಗೇಪಲ್ಲಿ, ಶ್ರೀನಿವಾಸಪುರ, ಮುಳಬಾಗಿಲಿನ ಹಳ್ಳಿಗಳಲ್ಲಿ ಮಾತು ತೆಲುಗು, ಬರವಣಿಗೆ ಕನ್ನಡ. ಪ್ರಶ್ನೆ ಕನ್ನಡದಲ್ಲಿ ಅಚ್ಚಾಗಿದ್ದರೂ ಕಾರ್ಯಕರ್ತೆ ಅದನ್ನು ಬಾಗಿಲಲ್ಲೇ ತೆಲುಗಿಗೆ ತಿರುಗಿಸಿ ಕೇಳುತ್ತಾರೆ. ಇಬ್ಬರು ಇಬ್ಬಗೆಯಾಗಿ ತಿರುಗಿಸಿದರೆ ಉತ್ತರಗಳೂ ಎರಡು ದಾರಿ ಹಿಡಿಯುತ್ತವೆ. ಹೀಗಾಗಿ ಮುಖ್ಯ ಪ್ರಶ್ನೆಗಳ ತೆಲುಗು ರೂಪವನ್ನು ಅವರ ಜೊತೆಯಲ್ಲೇ ಕುಳಿತು ಕನ್ನಡ ಲಿಪಿಯಲ್ಲಿ ಬರೆದು ಫಾರಂನಲ್ಲಿ ಸೇರಿಸಿ.

ಹಣದ ಜಾಡು ಹಿಡಿಯಿರಿ

ಸ್ವಯಂಸೇವಾ ಸಂಸ್ಥೆಯ ಲೆಕ್ಕ ಅಂಗಡಿಯ ಲೆಕ್ಕದಂತಲ್ಲ. ಬಂದ ರೂಪಾಯಿಗೆ ಹೆಸರಿರುತ್ತದೆ. ಶಾಲೆಗೆಂದು ಕೊಟ್ಟ ಹಣವನ್ನು ಕೆರೆಗೆ ಹಾಕುವಂತಿಲ್ಲ. ಯಾವ ದಾನಿ, ಯಾವ ಯೋಜನೆ, ಯಾವ ಬಾಬ್ತು ಎಂಬ ಮೂರು ಗುರುತುಗಳು ಪ್ರತಿ ವೋಚರಿನ ಮೇಲೂ ಇರಬೇಕು. ಇದಕ್ಕಾಗಿ ಲೆಕ್ಕಿಗರ ಜೊತೆ ಒಂದು ಇಡೀ ದಿನ ಕೂರಿ. ಅವರು ಟ್ಯಾಲಿಯಲ್ಲಿ ಕಾಸ್ಟ್ ಸೆಂಟರ್ (ಖರ್ಚನ್ನು ಯೋಜನೆವಾರು ಬೇರ್ಪಡಿಸುವ ಗುರುತು) ಬಳಸುತ್ತಿದ್ದರೆ ಅರ್ಧ ದಾರಿ ಸವೆದಂತೆ. ಯೋಜನೆಗಳಿಗೆ ಅವರು ಇಟ್ಟ ಹೆಸರುಗಳನ್ನೇ ಹೊಸ ತಂತ್ರಾಂಶದಲ್ಲೂ ಇಡಿ. ನಿಮಗೆ ಚೆಂದ ಕಂಡ ಹೊಸ ಹೆಸರು ಕೊಟ್ಟರೆ ತಾಳೆ ಹಾಕುವವರು ಅವರೇ, ಪ್ರತಿ ತಿಂಗಳು.

ವಿದೇಶಿ ದೇಣಿಗೆಯ ನಿಯಮ ಕಟ್ಟುನಿಟ್ಟು. 2010ರ ಕಾಯಿದೆಗೆ 2020ರಲ್ಲಿ ತಿದ್ದುಪಡಿಯಾದ ಮೇಲೆ ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಗೊತ್ತುಪಡಿಸಿದ ಖಾತೆಗೇ ಬರಬೇಕು. ಆಡಳಿತ ವೆಚ್ಚದ ಮಿತಿ ಶೇ. 50ರಿಂದ ಶೇ. 20ಕ್ಕೆ ಇಳಿದಿದೆ. ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ವಾರ್ಷಿಕ ಲೆಕ್ಕವನ್ನು ಎಫ್‌ಸಿ-4 ನಮೂನೆಯಲ್ಲಿ ಡಿಸೆಂಬರ್ 31ರೊಳಗೆ ಸಲ್ಲಿಸಬೇಕು. ಆದ್ದರಿಂದ ದೇಶಿ ಹಣ ಮತ್ತು ವಿದೇಶಿ ಹಣದ ಪುಸ್ತಕಗಳು ತಂತ್ರಾಂಶದಲ್ಲಿ ಬೆರೆಯಲು ಸಾಧ್ಯವೇ ಇಲ್ಲದಂತೆ ಗೋಡೆ ಕಟ್ಟಿ. ಎಚ್ಚರಿಕೆಯ ಸಂದೇಶ ತೋರಿಸಿ ಮುಂದೆ ಬಿಡುವ ವ್ಯವಸ್ಥೆ ಸಾಲದು. ತಪ್ಪು ಖಾತೆಗೆ ನಮೂದಿಸಲು ಹೊರಟರೆ ತಡೆಯುವ ವ್ಯವಸ್ಥೆಯೇ ಬೇಕು.

ಇಲ್ಲೊಂದು ಸೂಕ್ಷ್ಮವಿದೆ. ದಾನಿಗಳ ಫಾರಂನಲ್ಲಿ "ದೇಶ" ಎಂಬ ಕಾಲಂ ಒಂದನ್ನೇ ಇಟ್ಟು ಕೈತೊಳೆದುಕೊಳ್ಳುವವರಿದ್ದಾರೆ. ಶಿರಾದವರೊಬ್ಬರು ಅಮೆರಿಕದಲ್ಲಿದ್ದು ಭಾರತದ ಪಾಸ್‌ಪೋರ್ಟನ್ನೇ ಉಳಿಸಿಕೊಂಡಿದ್ದರೆ, ಅವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಅದೇ ಬೀದಿಯಲ್ಲಿರುವ ಅವರ ಗೆಳೆಯ ಅಮೆರಿಕದ ಪೌರತ್ವ ಪಡೆದಿದ್ದರೆ ಅದು ವಿದೇಶಿ ದೇಣಿಗೆ. ಕಾನೂನು ನೋಡುವುದು ಪೌರತ್ವವನ್ನು, ವಿಳಾಸವನ್ನಲ್ಲ. ಪೌರತ್ವದ ಕಾಲಂ ಇಲ್ಲದ ಫಾರಂ ಸಂಸ್ಥೆಯ ನೋಂದಣಿಗೇ ಕುತ್ತು ತರಬಲ್ಲದು.

ತೆರಿಗೆ ವಿನಾಯಿತಿಯ ರಸೀದಿಯ ಕಡೆಗೂ ಗಮನವಿರಲಿ. 1961ರ ಆದಾಯ ತೆರಿಗೆ ಕಾಯಿದೆಯಡಿ ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ ಮಾನ್ಯತೆ ಇರುವ ಸಂಸ್ಥೆ ಒಂದು ಆರ್ಥಿಕ ವರ್ಷದ ದೇಣಿಗೆಗಳ ವಿವರವನ್ನು 10ಬಿಡಿ ನಮೂನೆಯಲ್ಲಿ ಮುಂದಿನ ಮೇ 31ರೊಳಗೆ ಸಲ್ಲಿಸಿ, ದಾನಿಗೆ 10ಬಿಇ ಪ್ರಮಾಣಪತ್ರ ಕೊಡಬೇಕಿತ್ತು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ದಾನಿಯ ಪ್ಯಾನ್ ಅಥವಾ ಬೇರೊಂದು ಗುರುತಿನ ಸಂಖ್ಯೆ, ವಿಳಾಸ, ಕೊಟ್ಟ ಬಗೆ, ದೇಣಿಗೆಯ ವರ್ಗ ಎಲ್ಲವೂ ಅದರಲ್ಲಿ ಬೇಕು. 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ದಾನಿಗೆ ವಿನಾಯಿತಿ ಸಿಗುವುದಿಲ್ಲ. ಇವನ್ನೆಲ್ಲ ಮೇ ತಿಂಗಳಲ್ಲಿ ಹುಡುಕಲು ಹೊರಟರೆ ಲೆಕ್ಕಿಗರ ನಿದ್ದೆ ಹಾಳು. ರಸೀದಿ ಬರೆಯುವ ಹೊತ್ತಿಗೇ ಕೇಳುವಂತೆ ಫಾರಂ ಮಾಡಿ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯಿದೆ ಹಳೆಯದರ ಜಾಗಕ್ಕೆ ಬಂದು ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ, ಕಲಮು, ನಮೂನೆಗಳ ಹೆಸರನ್ನು ರಸೀದಿಯ ವಿನ್ಯಾಸದೊಳಗೆ ಅಚ್ಚೊತ್ತಿಬಿಡಬೇಡಿ. ಸಂಸ್ಥೆಯವರೇ ತಿದ್ದಬಹುದಾದ ಸೆಟ್ಟಿಂಗ್‌ನಲ್ಲಿ ಇಡಿ.

ನರಸಾಪುರ, ಮಾಲೂರು, ವಸಂತನರಸಾಪುರದ ಕಾರ್ಖಾನೆಗಳಿಂದ ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆಗಳೂ ಇವೆ. ಕಂಪನಿ ಕಾಯಿದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಇದಕ್ಕೆ ತೆಗೆದಿಡಬೇಕು. ಹಣ ಪಡೆಯುವ ಸಂಸ್ಥೆ 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನೋಂದಣಿ ಹೊಂದಿರಲೇಬೇಕು. ಒಬ್ಬೊಬ್ಬ ದಾನಿ ಒಂದೊಂದು ನಮೂನೆಯಲ್ಲಿ ವರದಿ ಕೇಳುತ್ತಾರೆ. ಪ್ರತಿ ನಮೂನೆಗೂ ಹೊಸ ಫಾರಂ ಮಾಡಲು ಹೋಗಬೇಡಿ. ಕ್ಷೇತ್ರದಲ್ಲಿ ತುಂಬುವುದು ಒಂದೇ ಸಲ, ಒಂದೇ ಕಡೆ. ಅದನ್ನು ಬಗೆಬಗೆಯಾಗಿ ಜೋಡಿಸಿ ಕೊಡುವ ಹೊರೆ ತಂತ್ರಾಂಶದ್ದು.

ಸಾಧನದ ಆಯ್ಕೆ

ಇದರ ಬಗ್ಗೆ ಜನ ಬಹಳ ಚರ್ಚಿಸುತ್ತಾರೆ, ನಾನು ಕಡಿಮೆ ಚರ್ಚಿಸುತ್ತೇನೆ. ಹಳ್ಳಿಯಲ್ಲಿ ಮಾಹಿತಿ ಸಂಗ್ರಹವೇ ಮುಖ್ಯವಾದರೆ ಇಂಟರ್ನೆಟ್ ಇಲ್ಲದೆಯೂ ನಡೆಯುವ ಓಡಿಕೆ (ODK), ಕೋಬೊ, ಕಾಮ್‌ಕೇರ್, ಅವ್ನಿ ಇಂಥವು. ದಾನಿಗಳ ನಿರ್ವಹಣೆ ಮುಖ್ಯವಾದರೆ ಸಿವಿಸಿಆರ್‌ಎಂ ಅಥವಾ ಸೇಲ್ಸ್‌ಫೋರ್ಸ್. ಸೇಲ್ಸ್‌ಫೋರ್ಸ್ ಅರ್ಹ ಸಂಸ್ಥೆಗಳಿಗೆ 10 ಪರವಾನಗಿಗಳನ್ನು ಉಚಿತವಾಗಿ ಕೊಡುತ್ತದೆ. ಆದರೆ ಉಚಿತವಾಗುವುದು ಪರವಾನಗಿ ಮಾತ್ರ. ಹೊಂದಿಸುವ, ಕಲಿಸುವ, ಮುಂದೆ ನೋಡಿಕೊಳ್ಳುವ ಖರ್ಚು, ಹನ್ನೊಂದನೆಯ ಬಳಕೆದಾರರ ಖರ್ಚು ಎಷ್ಟೆಂದು ಮೂರು ವರ್ಷಗಳ ಲೆಕ್ಕ ಹಾಕಿ ನಿರ್ದೇಶಕರ ಮುಂದಿಡಿ. ಆ ಖರ್ಚು ಯಾವ ಬಾಬ್ತಿಗೆ ಹೋಗುತ್ತದೆ, ವಿದೇಶಿ ದೇಣಿಗೆಯ ಆಡಳಿತ ವೆಚ್ಚದ ಶೇ. 20ರ ಮಿತಿಯೊಳಗೆ ಬರುತ್ತದೆಯೇ ಎಂಬುದನ್ನು ಅವರ ಲೆಕ್ಕಪರಿಶೋಧಕರೇ ಹೇಳಲಿ. ಐದು ಜನರ ಸಂಸ್ಥೆಗೆ ಒಂದು ಒಳ್ಳೆಯ ಎಕ್ಸೆಲ್ ಶೀಟ್ ಸಾಕೆಂದು ಅನ್ನಿಸಿದರೆ ಮುಲಾಜಿಲ್ಲದೆ ಹಾಗೆಯೇ ಹೇಳಿ. ಕಂಪನಿಗೆ ಒಂದು ಗುತ್ತಿಗೆ ತಪ್ಪಬಹುದು. ಆ ಸಂಸ್ಥೆ ಬೆಳೆದ ದಿನ ಮೊದಲು ಫೋನ್ ಮಾಡುವುದು ನಿಮಗೇ.

ಒಪ್ಪಂದವನ್ನು ಕನ್ನಡದಲ್ಲಿಯೂ ಬರೆಯಿರಿ

ಏನು ಮಾಡುತ್ತೇವೆ, ಏನು ಮಾಡುವುದಿಲ್ಲ, ಎಷ್ಟು ದಿನ, ಯಾರ ಹೊಣೆ ಎಂಬುದನ್ನು ಎರಡು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಇಂಗ್ಲಿಷ್ ಒಪ್ಪಂದ ಕಂಪನಿಗೆ ಇರಲಿ; ಅದರ ಸಾರವನ್ನು ಕನ್ನಡದಲ್ಲಿ ಬರೆದು ಸಂಸ್ಥೆಯ ಸಿಬ್ಬಂದಿಗೆಲ್ಲ ಓದಲು ಕೊಡಿ. "ಇದೊಂದು ಸಣ್ಣ ಬದಲಾವಣೆ" ಎಂಬ ಕೋರಿಕೆಗಳು ಬರುತ್ತಲೇ ಇರುತ್ತವೆ. ಅವನ್ನು ಬಾಯಿಮಾತಿನಲ್ಲಿ ಒಪ್ಪಬೇಡಿ, ಬಾಯಿಮಾತಿನಲ್ಲಿ ತಳ್ಳಿಹಾಕಲೂ ಬೇಡಿ. ಒಂದು ಪಟ್ಟಿಯಲ್ಲಿ ಬರೆದಿಟ್ಟು, ಎರಡು ವಾರಕ್ಕೊಮ್ಮೆ ಸಂಸ್ಥೆಯವರ ಜೊತೆ ಕುಳಿತು ಯಾವುದು ಈಗ, ಯಾವುದು ಆಮೇಲೆ ಎಂದು ಅವರಿಂದಲೇ ತೀರ್ಮಾನ ಮಾಡಿಸಿ. ಸಂಸ್ಥೆಯ ಕಡೆಯಿಂದ ಒಬ್ಬರನ್ನು ಈ ಕೆಲಸಕ್ಕೆ ಗೊತ್ತುಪಡಿಸಿ, ಅವರ ಬೇರೆ ಕೆಲಸದ ಹೊರೆಯನ್ನು ಇಳಿಸಬೇಕೆಂದೂ ಒಪ್ಪಂದದಲ್ಲೇ ಬರೆಯಿರಿ. ಈ ಒಂದು ಸಾಲು ಇಲ್ಲದ ಕಡೆ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ.

ಹಳೆಯ ಪಟ್ಟಿಗಳನ್ನು ಶುಚಿ ಮಾಡುವುದು

ಒಟ್ಟು ಸಮಯದ ಮೂರನೇ ಒಂದು ಭಾಗವನ್ನು ಇದಕ್ಕೇ ಮೀಸಲಿಡಿ. ನಮ್ಮ ಜಿಲ್ಲೆಗಳಲ್ಲಿ ಎದುರಾಗುವ ತೊಡಕುಗಳು ಯಾವ ಪಠ್ಯದಲ್ಲೂ ಸಿಗುವುದಿಲ್ಲ, ಅದಕ್ಕಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲನೆಯದು ಅಕ್ಷರದ ತೊಡಕು. ಹತ್ತು ಹದಿನೈದು ವರ್ಷ ಹಿಂದಿನ ಪಟ್ಟಿಗಳನ್ನು ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿರುತ್ತಾರೆ. ಅವು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರ ಸಂಕೇತ, ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಕಾಣುತ್ತದೆ. ಪರಿವರ್ತಕಗಳಿವೆ, ಆದರೆ ಪರಿವರ್ತನೆಯಾದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಾರೆ ನೋಡಿ ತಿದ್ದಬೇಕು. ಹಳೆಯ ಫಾಂಟ್‌ನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಮೊದಲು, ಅಲ್ಲೇ ಎಡವುತ್ತದೆ. ಇನ್ನೊಂದು ಕಾಟ ಕಣ್ಣಿಗೆ ಕಾಣದ ಜೋಡಣೆಯ ಅಕ್ಷರಗಳದು. "ಮಂಜುನಾಥ್" ಎಂಬ ಹೆಸರಿನ ಕೊನೆಯಲ್ಲಿ ಅಂಥದೊಂದು ಅಡಗಿದ್ದರೆ ಎರಡು ಹೆಸರುಗಳು ನೋಡಲು ಒಂದೇ, ಯಂತ್ರಕ್ಕೆ ಬೇರೆ ಬೇರೆ. ಹೋಲಿಸುವ ಮೊದಲು ಅವನ್ನು ತೆಗೆದುಹಾಕಿ. ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಸರಳ ಪಠ್ಯ) ಕಡತವನ್ನು ಯುಟಿಎಫ್-8 (ಯೂನಿಕೋಡ್ ಬರೆದಿಡುವ ಒಂದು ಬಗೆ) ಎಂದು ಹೇಳಿ ಆಮದು ಮಾಡಿಕೊಳ್ಳದಿದ್ದರೆ ಎಕ್ಸೆಲ್ ಕನ್ನಡವನ್ನು ಚಿಂದಿ ಮಾಡುತ್ತದೆ.

ಎರಡನೆಯದು ಊರಿನ ತೊಡಕು. 2007ರಲ್ಲಿ ಕೋಲಾರ ಒಡೆದು ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಅದಕ್ಕೂ ಹಿಂದಿನ ದಾಖಲೆಯಲ್ಲಿ ಶಿಡ್ಲಘಟ್ಟ, ಚಿಂತಾಮಣಿ, ಗುಡಿಬಂಡೆ ಎಲ್ಲ ಕೋಲಾರ ಜಿಲ್ಲೆ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ "ತುಮಕೂರು" ಎಂದಾಯಿತು. ಹಳೆಯ ಪಟ್ಟಿಗಳಲ್ಲಿ "ತುಮ್‌ಕೂರ್" ಎಂದಿರುತ್ತದೆ. ಒಂದೇ ಪಟ್ಟಿಯಲ್ಲಿ ಎರಡೂ ಇದ್ದರೆ ವರದಿಯಲ್ಲಿ ಒಂದು ಜಿಲ್ಲೆ ಎರಡಾಗುತ್ತದೆ. ಹೊಸಹಳ್ಳಿ, ಗೊಲ್ಲಹಳ್ಳಿ ಎಂಬ ಹೆಸರಿನ ಊರುಗಳು ತಾಲ್ಲೂಕಿಗೆ ಒಂದೆರಡಾದರೂ ಸಿಗುತ್ತವೆ. ಇದಕ್ಕೆ ಮದ್ದು, ಊರಿನ ಹೆಸರನ್ನು ಕೈಯಿಂದ ಟೈಪ್ ಮಾಡಲು ಬಿಡದಿರುವುದು. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಪ್ರತಿ ಗ್ರಾಮಕ್ಕೂ ಒಂದು ಸಂಕೇತ ಸಂಖ್ಯೆ ಇದೆ. ಆ ಪಟ್ಟಿಯನ್ನು ಇಳಿಸಿಕೊಂಡು ಜಿಲ್ಲೆ, ತಾಲ್ಲೂಕು, ಪಂಚಾಯಿತಿ, ಗ್ರಾಮ ಎಂದು ಆರಿಸುವಂತೆ ಮಾಡಿ. ಅದರಲ್ಲಿಲ್ಲದ ತಾಂಡಾ, ಗೊಲ್ಲರಹಟ್ಟಿಗಳಿಗೆ ಪ್ರತ್ಯೇಕ ಕಾಲಂ ಇಡಿ. ಸೇವೆ ಹೆಚ್ಚಾಗಿ ಬೇಕಾಗಿರುವುದೇ ಅಲ್ಲಿಗೆ.

ಮೂರನೆಯದು ಹೆಸರು. ಲಕ್ಷ್ಮಮ್ಮ, ಲಕ್ಷ್ಮಮ್ಮ, ಲಕ್ಷ್ಮಮ್ಮ. ಒಂದೇ ಸಂಘದಲ್ಲಿ ಮೂವರು. ಒಬ್ಬರ ಗಂಡ ವೆಂಕಟೇಶಪ್ಪ, ಇನ್ನೊಬ್ಬರದು ಮುನಿವೆಂಕಟಪ್ಪ, ಮತ್ತೊಬ್ಬರದು ಖಾಲಿ. ಆಧಾರ್‌ನಲ್ಲಿ ಒಂದು ಕಾಗುಣಿತ, ಪಾಸ್‌ಬುಕ್‌ನಲ್ಲಿ ಇನ್ನೊಂದು. ಯಂತ್ರ ಕೊಡುವ "ಇವರಿಬ್ಬರೂ ಒಬ್ಬರೇ ಇರಬಹುದು" ಎಂಬ ಪಟ್ಟಿಯನ್ನು ನೀವೇ ಕುಳಿತು ತೀರ್ಮಾನಿಸಬೇಡಿ. ಅದನ್ನು ಅಚ್ಚು ಹಾಕಿಸಿ ಕಾರ್ಯಕರ್ತೆಯ ಕೈಗೆ ಕೊಡಿ. ನೀವು ಎರಡು ದಿನ ತಿಣುಕುವುದನ್ನು ಅವರು ಪೆನ್ನು ಹಿಡಿದು ಅರ್ಧ ಗಂಟೆಯಲ್ಲಿ ಬಿಡಿಸುತ್ತಾರೆ: "ಇವರು ದೊಡ್ಡಿ ಮನೆಯವರು, ಇವರು ಶಾಲೆ ಪಕ್ಕದವರು, ಇವರು ತೀರಿಕೊಂಡರು." ಕೊನೆಯ ಮಾತು ಕೇಳಿದಾಗ ಆ ಸಾಲನ್ನು ಅಳಿಸಿಹಾಕಬೇಡಿ. ದಿನಾಂಕ ಕೇಳಿ ಗುರುತು ಮಾಡಿ, ಅವರ ಉಳಿತಾಯ ವಾರಸುದಾರರಿಗೆ ಸೇರಿತೇ ಎಂದು ವಿಚಾರಿಸಿ.

ನಾಲ್ಕನೆಯದು ಅಂಕಿ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ಸರಿಯಾಗಿ ಹಿಡಿದಿಡುತ್ತದೆ. 16 ಅಂಕಿಯ ಬ್ಯಾಂಕ್ ಖಾತೆ ಸಂಖ್ಯೆಯನ್ನು ಸಂಖ್ಯೆಯಾಗಿ ಹಾಕಿದರೆ ಕೊನೆಯ ಅಂಕಿ ಸದ್ದಿಲ್ಲದೆ ಸೊನ್ನೆಯಾಗುತ್ತದೆ. ಮೊದಲಿಗೆ ಸೊನ್ನೆ ಇರುವ ಖಾತೆಯಲ್ಲಿ ಆ ಸೊನ್ನೆಯೇ ಮಾಯ. ಇಂಥ ಕಾಲಂಗಳನ್ನೆಲ್ಲ ಆಮದು ಮಾಡುವ ಮೊದಲೇ ಪಠ್ಯ ಎಂದು ಗೊತ್ತುಪಡಿಸಿ. ವಯಸ್ಸನ್ನು ಬರೀ ವಯಸ್ಸಾಗಿ ತೆಗೆದುಕೊಳ್ಳಬೇಡಿ. ಯಾವ ವರ್ಷ ಬರೆದದ್ದು ಎಂಬುದೂ ಜೊತೆಗಿರಲಿ, ಇಲ್ಲವಾದರೆ 2012ರಲ್ಲಿ 40 ಆಗಿದ್ದವರು ಇಂದಿಗೂ 40ರಲ್ಲೇ ಉಳಿಯುತ್ತಾರೆ.

ಎಲ್ಲ ಮುಗಿದ ಮೇಲೆ ಒಟ್ಟು ಮೊತ್ತಗಳನ್ನು ತಾಳೆ ಹಾಕಿ. ರಿಜಿಸ್ಟರಿನ ಒಟ್ಟು ಉಳಿತಾಯ, ತಂತ್ರಾಂಶದ ಒಟ್ಟು ಉಳಿತಾಯ, ಬ್ಯಾಂಕಿನ ಶಿಲ್ಕು. ಒಂದು ರೂಪಾಯಿ ವ್ಯತ್ಯಾಸವಿದ್ದರೂ ಹುಡುಕಿ. ಅದು ಯಾರೋ ಒಬ್ಬರ ರೂಪಾಯಿ.

ಗುಟ್ಟು ಕಾಯುವುದು

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಗೆ 2025ರ ನವೆಂಬರಿನಲ್ಲಿ ನಿಯಮಗಳೂ ಬಂದಿವೆ, ಹಂತ ಹಂತವಾಗಿ ಜಾರಿಯಾಗುತ್ತವೆ. 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು. ಒಪ್ಪಿಗೆಯ ಸೂಚನೆಯನ್ನು ಕನ್ನಡದಲ್ಲಿ ಓದುವ ಹಕ್ಕು ಜನರಿಗಿದೆ. ಕಾನೂನು ಹೇಳದಿದ್ದರೂ ಮಾಡಲೇಬೇಕಾದದ್ದೂ ಇದೆ. ಆಧಾರ್ ಸಂಖ್ಯೆ ನಿಜವಾಗಿ ಬೇಕೇ ಎಂದು ಮೂರು ಸಲ ಕೇಳಿ. ಗುರುತಿಗಷ್ಟೇ ಆದರೆ ಕೊನೆಯ ನಾಲ್ಕು ಅಂಕಿ ಸಾಕು. ಎಚ್‌ಐವಿ, ಕೌಟುಂಬಿಕ ದೌರ್ಜನ್ಯ, ಮಾನಸಿಕ ಆರೋಗ್ಯದ ದಾಖಲೆಗಳು ಅವನ್ನು ನೋಡಿಕೊಳ್ಳುವವರನ್ನು ಬಿಟ್ಟು ಬೇರೆ ಯಾರ ಕಣ್ಣಿಗೂ, ನಿಮ್ಮ ಕಣ್ಣಿಗೂ, ಬೀಳದಂತೆ ಅನುಮತಿಗಳನ್ನು ಹೊಂದಿಸಿ. ಕೆಲಸ ಮುಗಿದ ದಿನವೇ ನಿಮ್ಮ ಲ್ಯಾಪ್‌ಟಾಪ್‌ನಲ್ಲಿರುವ ಪ್ರತಿಗಳನ್ನು ಅಳಿಸಿ. 2020ರಲ್ಲಿ ಅಮೆರಿಕದ ಬ್ಲ್ಯಾಕ್‌ಬಾಡ್ ಎಂಬ ಇದೇ ಕ್ಷೇತ್ರದ ದೊಡ್ಡ ಕಂಪನಿಯಿಂದ ಸಾವಿರಾರು ಸಂಸ್ಥೆಗಳ ದಾನಿಗಳ ಮಾಹಿತಿ ಕಳವಾಯಿತು. ಬಿಟ್ಟುಹೋದ ಗ್ರಾಹಕರ ಮಾಹಿತಿಯನ್ನೂ ವರ್ಷಗಟ್ಟಲೆ ಇಟ್ಟುಕೊಂಡಿದ್ದರೆಂದು ಅಲ್ಲಿನ ನಿಯಂತ್ರಕರು ಆಕ್ಷೇಪಿಸಿದರು. ಇಟ್ಟುಕೊಳ್ಳದ ಮಾಹಿತಿ ಕಳವಾಗುವುದಿಲ್ಲ.

ಕಲಿಸುವುದು, ಶುರು ಮಾಡುವುದು

ದಿನಾಂಕ ಗೊತ್ತು ಮಾಡುವ ಮೊದಲು ಕ್ಯಾಲೆಂಡರ್ ಜೊತೆಗೆ ಹೊಲವನ್ನೂ ನೋಡಿ. ಮಾರ್ಚ್ ಬೇಡ, ಲೆಕ್ಕ ಮುಗಿಸುವ ಹೊತ್ತು. ನವೆಂಬರ್, ಡಿಸೆಂಬರ್ ರಾಗಿ ಕೊಯ್ಲು. ಕಾರ್ಯಕರ್ತೆಯರ ಮನೆಯಲ್ಲೂ ಹೊಲವಿರುತ್ತದೆ, ಎಫ್‌ಸಿ-4ರ ಗಡುವೂ ಅದೇ ವೇಳೆಗೆ. ಒಮ್ಮೆ ನಾನು ಮಾರ್ಚ್ 20ಕ್ಕೆ ಹೊಸ ವ್ಯವಸ್ಥೆ ಶುರು ಮಾಡಿಸಿ, ಅದೇ ದಿನ ಹಳೆಯ ರಿಜಿಸ್ಟರನ್ನು ನಿಲ್ಲಿಸಲು ಹೇಳಿದೆ. ಹತ್ತು ದಿನ ಎರಡೂ ಕಡೆ ಏನೂ ಬರೆಯಲಿಲ್ಲ. ಆ ಹತ್ತು ದಿನದ ಮರುಪಾವತಿಗಳನ್ನು ಮನೆಮನೆಗೆ ಹೋಗಿ ಕೇಳಿ ಬರೆಸಬೇಕಾಯಿತು. ತಪ್ಪು ನನ್ನದು, ದಣಿದವರು ಕಾರ್ಯಕರ್ತೆಯರು. ಈಗ ಒಂದು ಸಂಘ ಅಥವಾ ಒಂದು ಪಂಚಾಯಿತಿಯಿಂದ ಶುರು ಮಾಡುತ್ತೇನೆ. ರಿಜಿಸ್ಟರ್ ಮತ್ತು ಮೊಬೈಲ್ ಎರಡೂ ಎರಡು ತಿಂಗಳು ಒಟ್ಟಿಗೆ ನಡೆಯುತ್ತವೆ, ಅದಕ್ಕಿಂತ ಹೆಚ್ಚು ದಿನ ಬೇಡ.

ತರಬೇತಿಯನ್ನು ಸಭಾಂಗಣದಲ್ಲಿ ಪ್ರೊಜೆಕ್ಟರ್ ಹಾಕಿ ಮಾಡಬೇಡಿ. ನಾಲ್ಕೈದು ಜನ, ಅವರದೇ ಮೊಬೈಲ್, ಅವರದೇ ಸಂಘದ ಲೆಕ್ಕ. ಬೇಗ ಕಲಿತವರೊಬ್ಬರು ಪಕ್ಕದವರಿಗೆ ಹೇಳಿಕೊಡಲಿ, ನೀವು ಹಿಂದೆ ನಿಂತು ಎಲ್ಲಿ ಬೆರಳು ತಡವರಿಸುತ್ತದೆ ಎಂದು ನೋಡಿ. ಬೆರಳು ತಡವರಿಸಿದ ಕಡೆ ದೋಷ ಪರದೆಯದು, ಕಲಿಯುವವರದಲ್ಲ. ರಾತ್ರಿ ಕುಳಿತು ಅದನ್ನು ತಿದ್ದಿ. "ಸಬ್‌ಮಿಟ್" ಎಂಬುದನ್ನು ಒಂದು ಕಡೆ "ಒಪ್ಪಿಸಿ" ಎಂದು ಮಾಡಿದ್ದೆವು. ಕಾರ್ಯಕರ್ತೆಯೊಬ್ಬರು "ಕಳಿಸಿ ಎಂದು ಹಾಕಿ ಸರ್, ಒಪ್ಪಿಸಿ ಎಂದರೆ ಮೇಲಿನವರು ತಪ್ಪು ಹುಡುಕುತ್ತಾರೆ ಅನ್ನಿಸುತ್ತದೆ" ಎಂದರು. ಅಂದೇ ಬದಲಿಸಿದೆವು.

ಒಪ್ಪಿಸಿ ಬಂದ ಮೇಲೆ

ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ನೀವಾಗಿಯೇ ಫೋನ್ ಮಾಡಿ. ದೂರು ಬರಲಿಲ್ಲವೆಂದರೆ ಚೆನ್ನಾಗಿ ನಡೆಯುತ್ತಿದೆ ಎಂದಲ್ಲ, ಬಳಕೆಯೇ ನಿಂತಿರಬಹುದು. ಯಾರು ಯಾವ ದಿನ ಕೊನೆಯ ಬಾರಿ ನಮೂದು ಮಾಡಿದರು ಎಂಬ ಪಟ್ಟಿ ತೆಗೆದರೆ ನಿಜ ಗೊತ್ತಾಗುತ್ತದೆ. ಆ ಪಟ್ಟಿಯನ್ನು ನಿರ್ದೇಶಕರಿಗೆ ಕಳಿಸಬೇಡಿ, ಹಿಂದೆ ಬಿದ್ದವರಿಗೆ ನೇರವಾಗಿ ಫೋನ್ ಮಾಡಿ ತೊಂದರೆ ಏನೆಂದು ಕೇಳಿ. ಮೊಬೈಲ್ ಕೆಟ್ಟಿರಬಹುದು, ಮಗುವಿಗೆ ಜ್ವರವಿರಬಹುದು.

ಆರು ತಿಂಗಳಾದ ಮೇಲೆ ಒಂದು ದಿನ ಮತ್ತೆ ಅದೇ ಕ್ಷೇತ್ರ ಕಚೇರಿಗೆ ಹೋಗಿ. ಯಾವ ಕಾಲಂಗಳು ಸದಾ ಖಾಲಿ ಉಳಿದಿವೆ ಎಂದು ಮೊದಲೇ ಎಣಿಸಿಕೊಂಡು ಹೋಗಿ, ಅವರ ಮುಂದೆಯೇ ಅವುಗಳನ್ನು ತೆಗೆದುಹಾಕಿ. ಮೇಜಿನ ಮೇಲೆ ಹೊಸದೊಂದು ನೋಟ್‌ಬುಕ್ ಕಂಡರೆ ಬೇಸರಪಡಬೇಡಿ. ಕೇಳಿ ತೆರೆದು ನೋಡಿ. ಪರದೆಯಲ್ಲಿ ಬರೆಯಲು ಜಾಗ ಸಿಗದ ಏನನ್ನೋ ಅವರು ಅಲ್ಲಿ ಬರೆದಿಟ್ಟಿರುತ್ತಾರೆ. ಮುಂದಿನ ಕಾಲಂ ಅದೇ.